ಹಸೀನಾಳ ಕಾಗದ ಮತ್ತು ನಮ್ಮ ರಾಯಚೂರು

"ಲಂಡನ್ ಕಥೆ ರಾಯಚೂರಲ್ಲಿ ಯಾರು ಕೇಳ್ತಾರ್ರೀ?" ಅಂದಿದ್ದ ಗೆಳೆಯರೇ ಈಗ ಮುಂದಿನ ಭಾನುವಾರ ಯಾವ ಅಧ್ಯಾಯ ಅಂತ ಫೋನ್ ಮಾಡುತ್ತಾರೆ. ಸ್ವಲ್ಪ ಜಂಬ ಅಂದುಕೊಳ್ಳಿ, ಪರವಾಗಿಲ್ಲ.

ನಮ್ಮ ಓದಿನ ಕೂಟಕ್ಕೆ ಮೊದಲು ಎತ್ತಿಕೊಂಡದ್ದು ಮೋನಿಕಾ ಅಲಿ ಅವರ ಇಂಗ್ಲಿಷ್ ಕಾದಂಬರಿ ‘ಬ್ರಿಕ್ ಲೇನ್’, 2003ರದ್ದು; ಲಂಡನ್ನಿನಲ್ಲಿ ನೆಲೆಸಿದ ಬಾಂಗ್ಲಾ ಕುಟುಂಬದ ಕಥೆ. ಗ್ರಾಂಥಿಕ ಕನ್ನಡಕ್ಕೆ ತಂದು ನಲವತ್ತು ಪುಟ ಬರೆದೆ. ಮೂವತ್ತು ಪ್ರತಿ ಜೆರಾಕ್ಸ್, ಹಾಲ್ ಬಾಡಿಗೆ, ಮಿರ್ಚಿ, ಚಹಾ ಎಲ್ಲ ಸೇರಿ ಮೂರು ಸಾವಿರದ ಹತ್ತಿರ ಕೈಬಿಟ್ಟು ಹೋಯಿತು. ಬಂದವರು ಏಳು ಜನ. ಅದರಲ್ಲಿ ಇಬ್ಬರು ಮಿರ್ಚಿಗೆ ಬಂದವರು. ಉಳಿದ ಜೆರಾಕ್ಸ್ ಈಗಲೂ ಅಟ್ಟದ ಮೇಲಿದೆ.

ಮುಖ್ಯವಾಗಿ ಎಡವಿದ್ದು ಹಸೀನಾಳ ಕಾಗದಗಳಲ್ಲಿ. ಅಕ್ಕ ನಜ್ನೀನ್ ಲಂಡನ್ನಿನಲ್ಲಿ, ತಂಗಿ ಹಸೀನಾ ಢಾಕಾದಲ್ಲಿ. ತಂಗಿಯ ಕಾಗದಗಳು ಪುಸ್ತಕದಲ್ಲಿ ಮುರುಕು ಇಂಗ್ಲಿಷಿನಲ್ಲಿವೆ. ನಾನು ಅವನ್ನು ತಪ್ಪು ತಪ್ಪು ಕನ್ನಡ ಮಾಡಿದೆ. ಜನ ನಕ್ಕರು. ಹಿಂದೆ ಕೂತಿದ್ದ ಹೆಂಗಸೊಬ್ಬರು ಮಾತ್ರ ನಗಲಿಲ್ಲ. "ಆಕಿ ಸಂಕಟ ಹೇಳ್ಕೊಂತಾಳ, ನೀವು ನಗಿಸ್ತೀರಿ" ಅಂದರು.

ಅಷ್ಟೂ ಕಾಗದ ಮತ್ತೆ ಬರೆದೆ, ದಖನಿ (ನಮ್ಮ ಕಡೆಯ ಉರ್ದು) ಮನೆಮಾತಿನವರು ಕನ್ನಡ ಆಡುವ ಧಾಟಿಯಲ್ಲಿ. ‘ಅಕ್ಕ’ ಹೋಗಿ ‘ಆಪಾ’ ಬಂತು. ಅಲ್ಲಲ್ಲಿ ‘ಬೇಡ’ ಹೋಗಿ ‘ನಕ್ಕೋ’. ಇನ್ನೊಂದು ಚಳಕವೂ ಇದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ.

ಕಾದಂಬರಿಯಲ್ಲಿ ನಜ್ನೀನಳ ಗಂಡ ಚಾನುಗೆ ಊರಿನ ಹಂಬಲ, ದೊಡ್ಡ ಮಗಳು ಶಹಾನಾಗೆ ಬಾಂಗ್ಲಾ ಬೇಡವೇ ಬೇಡ. ಆ ಭಾಗ ಓದುತ್ತಿದ್ದಾಗ ಗೌಂಡಿ ಕೆಲಸದವರೊಬ್ಬರು ನಡುವೆಯೇ ಬಾಯಿ ಹಾಕಿದರು. ಬೆಂಗಳೂರಿಗೆ ಗುಳೆ ಹೋಗಿ ಬರುವವರು ಅವರು. ಮಗಳು ಹುಟ್ಟಿದ್ದು ಅಲ್ಲಿನ ಶೆಡ್ಡಿನಲ್ಲಿ. ಹಬ್ಬಕ್ಕೆ ಊರಿಗೆ ಕರೆತಂದರೆ ಮೂರನೇ ದಿನಕ್ಕೆ "ಮನಿಗೆ ಹೋಗೋಣು" ಅಂತಾಳಂತೆ. ಮನೆ ಅಂದರೆ ಆ ಶೆಡ್ಡು! ಅವತ್ತು ಮುಂದೆ ಓದಲು ಆಗಲಿಲ್ಲ. ಒಬ್ಬೊಬ್ಬರದೂ ಒಂದೊಂದು ಕಥೆ.

ನಡುವೆ ಲೈಲಾ ಅಬುಲೇಲಾ ಅವರ ಕಾದಂಬರಿ ‘ಮಿನರೆಟ್’ (2005) ಮೇಲೂ ಒಂದು ಪ್ರಯೋಗ ಮಾಡಿದೆ. ಸುಡಾನಿನ ಸಿರಿವಂತರ ಮಗಳು ನಜ್ವಾ ಲಂಡನ್ನಿನಲ್ಲಿ ಮನೆಗೆಲಸದವಳಾಗಿ, ಮಸೀದಿಯ ಹೆಂಗಸರ ನಡುವೆ ನೆಲೆ ಕಾಣುವ ಕಥೆ. ಓದದೆ ಸುಮ್ನೆ ಬಾಯಲ್ಲಿ ಹೇಳಿದೆ, ಕೇಳಿದವರು ಒಬ್ಬರಾದ ಮೇಲೊಬ್ಬರು ದಖನಿಯಲ್ಲಿ ತಿರುಗಿ ಹೇಳಬೇಕು. ಮೂರನೆಯವರ ಹೊತ್ತಿಗೆ ಲಂಡನ್ ಚಳಿ ಹೋಗಿ ರಾಯಚೂರು ಬಿಸಿಲು ಬಂದಿತ್ತು. ಅರ್ಧ ಗೆದ್ದೆ, ಅರ್ಧ ಕೆಟ್ಟೆ.

ಈಗ ಮೂವತ್ತೈದು ಜನರಾದರೂ ಬರುತ್ತಾರೆ. ಜೆರಾಕ್ಸ್ ಬಿಟ್ಟಿದ್ದೇನೆ, ಖರ್ಚು ಆರುನೂರು ಏಳುನೂರು. ಹಸೀನಾಳ ಕಾಗದ ಓದುವುದು ಈಗ ನಗದೆ ಕೂತಿದ್ದ ಆ ಹೆಂಗಸು. ಅವರದು ಒಂದೇ ಶರತ್ತು: ಮಿರ್ಚಿ ಓದು ಮುಗಿದ ಮೇಲೆ.