ಲಾಗ್‌ಔಟ್ ಆದರೂ ಮುಚ್ಚದ ಸೆಷನ್‌ಗಳು: ನನ್ನ ಅನುಭವ

ನಾನು ನೋಡಿಕೊಳ್ಳುವ ನೆಟ್‌ವರ್ಕ್‌ನಲ್ಲಿ ಒಬ್ಬರಿಗೆ ಒಂದೇ ಲಾಗಿನ್. ಅದಕ್ಕಾಗಿ ಲಾಗಿನ್‌ಗಳನ್ನು ಪರಿಶೀಲಿಸಿ ಲೆಕ್ಕ ಇಡುವ ರೇಡಿಯಸ್ ಸರ್ವರ್ ತಂತ್ರಾಂಶವಾದ ಫ್ರೀರೇಡಿಯಸ್‌ನಲ್ಲಿ ಸೈಮಲ್ಟೇನಿಯಸ್-ಯೂಸ್ (ಒಬ್ಬರು ಒಟ್ಟಿಗೆ ಎಷ್ಟು ಲಾಗಿನ್ ಮಾಡಬಹುದು ಎಂಬ ಮಿತಿ) ಅನ್ನು 1ಕ್ಕೆ ಇಟ್ಟಿದ್ದೇವೆ. ಆಗ ಜಾಸ್ತಿ ಬರುತ್ತಿದ್ದ ದೂರು ಒಂದೇ: "ನಾನು ಲಾಗ್‌ಔಟ್ ಮಾಡಿಯೇ ಹೋಗಿದ್ದೆ. ಈಗ ನೋಡಿದ್ರೆ ಆಗಲೇ ಒಳಗಿದೀರಿ ಅಂತ ಬರ್ತಿದೆ." ಅವರು ಹೇಳುತ್ತಿದ್ದದ್ದು ನಿಜ.

ಬಳಕೆದಾರರು ಎದ್ದು ಹೋದದ್ದು ರೇಡಿಯಸ್ ಸರ್ವರ್‌ಗೆ ತಾನಾಗಿ ಗೊತ್ತಾಗುವುದಿಲ್ಲ. ಅವರು ಸಂಪರ್ಕ ಪಡೆದ ವೈಫೈ ಆಕ್ಸೆಸ್ ಪಾಯಿಂಟೋ ಸ್ವಿಚ್ಚೋ ಅದನ್ನು ತಿಳಿಸಬೇಕು. ಸೆಷನ್ ಶುರುವಾದಾಗ ಸ್ಟಾರ್ಟ್, ಮುಗಿದಾಗ ಸ್ಟಾಪ್ ಎಂಬ ಸಂದೇಶ ಬರುತ್ತದೆ, ಸಾಮಾನ್ಯವಾಗಿ ಯುಡಿಪಿ 1813ನೇ ಪೋರ್ಟ್‌ಗೆ. ಪ್ರತಿ ಸೆಷನ್‌ಗೂ ಡೇಟಾಬೇಸ್ ಟೇಬಲ್‌ನಲ್ಲಿ ಒಂದು ಸಾಲು ಇರುತ್ತದೆ. ಸ್ಟಾಪ್ ದಾಖಲಾಗದಿದ್ದರೆ ಅದರಲ್ಲಿ ಮುಗಿದ ಸಮಯದ ಕಾಲಂ ಖಾಲಿ ಉಳಿಯುತ್ತದೆ. ಖಾಲಿ ಇದ್ದರೆ ಇನ್ನೂ ಲಾಗಿನ್ ಆಗಿದ್ದಾರೆ ಅಂತಲೇ ಲೆಕ್ಕ.

ತೆರೆದಿರುವ ಸಾಲುಗಳನ್ನು ರಾತ್ರಿ ಅಳಿಸಿಬಿಡಿ ಎಂಬ ಸಲಹೆ ಬಂತು. ನನಗೆ ಒಪ್ಪಿಗೆಯಾಗಲಿಲ್ಲ. ಸ್ಟಾಪ್ ಎಲ್ಲಿ ಕಳೆದುಹೋಗುತ್ತಿದೆ ಎಂದು ಮೊದಲು ತಿಳಿಯಬೇಕಲ್ವಾ? ನೆಟ್‌ವರ್ಕ್‌ನಲ್ಲಿ ಓಡಾಡುವ ಸಂದೇಶಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿ ನೋಡಿದೆ. ಸ್ಟಾಪ್ ಸರ್ವರ್ ತನಕ ಬರುತ್ತಿತ್ತು! ದಾಖಲು ಮಾಡಿಕೊಂಡ ಮೇಲಷ್ಟೇ ಸರ್ವರ್ ಉತ್ತರ ಕೊಡಬೇಕೆಂಬುದು ರೇಡಿಯಸ್ ನಿಯಮ. ಡೇಟಾಬೇಸ್ ನಿಧಾನವಾದಾಗ ಉತ್ತರ ಹೋಗುತ್ತಿರಲಿಲ್ಲ. ಸ್ವಿಚ್ ಕೆಲವು ಸಲ ಮತ್ತೆ ಕಳಿಸಿ ಸುಮ್ಮನಾಗುತ್ತಿತ್ತು. ಹಾಗಾಗಿ ಬಂದ ಸಂದೇಶ ಮೊದಲು ಸರ್ವರ್‌ನಲ್ಲೇ ಇರುವ ಡೀಟೇಲ್ ಫೈಲ್‌ಗೆ ಬಿದ್ದು, ಕೂಡಲೇ ಉತ್ತರ ಹೋಗುವಂತೆ ಮಾಡಿದೆ. ಡೇಟಾಬೇಸ್‌ಗೆ ಅಲ್ಲಿಂದ ನಿಧಾನವಾಗಿ ಹೋಗುತ್ತದೆ. ಹೆಚ್ಚಿನ ದೂರುಗಳು ಇದರಿಂದಲೇ ನಿಂತವು.

ಕರೆಂಟ್ ಹೋಗಿ ಆಕ್ಸೆಸ್ ಪಾಯಿಂಟ್ ಆರಿದರೆ ಸ್ಟಾಪ್ ಬರುವುದೇ ಇಲ್ಲ. ಮತ್ತೆ ಆನ್ ಆದಾಗ ಅದು ಅಕೌಂಟಿಂಗ್-ಆನ್ (ನಾನು ಮತ್ತೆ ಶುರುವಾದೆ ಎಂಬ ಸಂದೇಶ) ಕಳಿಸಿದರೆ ಹಳೇ ಸೆಷನ್‌ಗಳು ಮುಚ್ಚುತ್ತವೆ. ಆದರೆ ಅದರ ಐಪಿ ವಿಳಾಸ ಬದಲಾಗಿದ್ದರೆ ಸಾಲುಗಳು ತಾಳೆಯಾಗುವುದಿಲ್ಲ. ಎಲ್ಲಕ್ಕೂ ಸ್ಥಿರ ಐಪಿ ಕೊಟ್ಟೆ.

ಉಳಿದವಕ್ಕೆ ಇಂಟರಿಮ್ ಅಪ್‌ಡೇಟ್. 600 ಸೆಕೆಂಡಿಗೊಮ್ಮೆ ಸೆಷನ್ ಇನ್ನೂ ಇದೆ ಎಂಬ ಸಂದೇಶ ಬರುತ್ತದೆ. ಸತತ ಮೂರು ಸಲ ಬರದಿದ್ದರೆ ನನ್ನ ಸ್ಕ್ರಿಪ್ಟ್ ಆ ಸಾಲನ್ನು ಮುಚ್ಚುತ್ತದೆ. ಮುಚ್ಚುವ ಸಮಯವಾಗಿ ಕೊನೆಯ ಅಪ್‌ಡೇಟ್‌ನ ಸಮಯವನ್ನೇ ಹಾಕಬೇಕು, ಸ್ಕ್ರಿಪ್ಟ್ ಓಡಿದ ಸಮಯವನ್ನಲ್ಲ. ಇಲ್ಲದಿದ್ದರೆ ಬಳಸದ ಗಂಟೆಗಳೂ ಅವರ ಲೆಕ್ಕಕ್ಕೆ ಸೇರುತ್ತವೆ. ಇನ್ನೊಂದು ಎಚ್ಚರ: ಡೀಟೇಲ್ ಫೈಲ್‌ನಲ್ಲಿ ಸಂದೇಶಗಳು ಬಾಕಿ ಇದ್ದರೆ ಸ್ಕ್ರಿಪ್ಟ್ ಓಡಲೇಬಾರದು. ಓಡಿದರೆ ಕೆಲಸ ಮಾಡುತ್ತಾ ಕುಳಿತವರ ಸೆಷನ್ ಕೂಡ ಮುಚ್ಚಿದಂತೆ ದಾಖಲಾಗುತ್ತದೆ.

ಕೆಲವು ಸೆಷನ್‌ಗಳು ಮಾತ್ರ ನಿಜವಾಗಿಯೂ ತೆರೆದಿರುತ್ತವೆ. ಬ್ರೌಸರ್ ಮುಚ್ಚಿ ಲಾಗ್‌ಔಟ್ ಆಯ್ತು ಅಂದುಕೊಂಡವರ ಫೋನ್ ಜೇಬಿನಿಂದಲೇ ಡೇಟಾ ಎಳೆಯುತ್ತಿರುತ್ತದೆ. ಅಲ್ಲಿ ಬಳಕೆ ನಿಂತಾಗ ಸೆಷನ್ ಮುಗಿಸುವ ಐಡಲ್-ಟೈಮ್‌ಔಟ್ ನಾಟುವುದಿಲ್ಲ, ಬಳಕೆ ಇದ್ದರೂ ಗೊತ್ತುಮಾಡಿದ ಅವಧಿಗೆ ಮುಗಿಸುವ ಸೆಷನ್-ಟೈಮ್‌ಔಟ್ ಬೇಕು. ಕೂಡಲೇ ಬಿಡಿಸಬೇಕಾದರೆ ಆಕ್ಸೆಸ್ ಪಾಯಿಂಟ್‌ನ ಯುಡಿಪಿ 3799ನೇ ಪೋರ್ಟ್‌ಗೆ ಡಿಸ್‌ಕನೆಕ್ಟ್ ಸಂದೇಶ ಕಳಿಸುತ್ತೇನೆ. ಬರೀ ಟೇಬಲ್‌ನಲ್ಲಿ ಸಾಲು ಮುಚ್ಚಿದರೆ ಆ ಫೋನಿನ ಇಂಟರ್ನೆಟ್ ನಿಲ್ಲುವುದಿಲ್ಲ.