ಕಡತದ ಪೂರ್ತಿ ಹೆಸರು ಕಾಣುವಂತೆ ಮಾಡಿಕೊಳ್ಳಿ
ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ‘ವ್ಯೂ’, ಅದರೊಳಗೆ ‘ಶೋ’ ತೆರೆದು ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಎಂಬುದನ್ನು ಆಯ್ದುಕೊಳ್ಳಿ. ವಿಂಡೋಸ್ 10ರಲ್ಲಿ ಇದು ‘ವ್ಯೂ’ ಪಟ್ಟಿಯಲ್ಲೇ ಸಿಗುತ್ತದೆ. ಪರಿಚಿತ ಬಗೆಯ ಕಡತಗಳ ಹೆಸರಿನ ಕೊನೆಯ ಭಾಗವನ್ನು ವಿಂಡೋಸ್ ತಾನಾಗಿಯೇ ಮರೆಮಾಡುವುದರಿಂದ, ‘ರಸೀದಿ.ಪಿಡಿಎಫ್.ಇಎಕ್ಸ್‌ಇ’ ಎಂಬ ಪ್ರೋಗ್ರಾಮ್ ಬರೀ ‘ರಸೀದಿ.ಪಿಡಿಎಫ್’ ಎಂದು ತೋರುತ್ತದೆ, ಅದರ ಐಕಾನನ್ನೂ ವಂಚಕರು ಪಿಡಿಎಫ್‌ನಂತೆಯೇ ಮಾಡಿರುತ್ತಾರೆ. 2000ನೇ ಇಸವಿಯ ಮೇ ತಿಂಗಳಲ್ಲಿ ಇಮೇಲ್ ಮೂಲಕ ಹಬ್ಬಿದ ‘ಐ ಲವ್ ಯು’ ವರ್ಮ್ (ತನ್ನನ್ನು ತಾನೇ ಹರಡಿಕೊಳ್ಳುವ ಹಾನಿಕಾರಕ ಪ್ರೋಗ್ರಾಮ್) ಕೂಡ, ಪ್ರೇಮಪತ್ರದ ಟಿಎಕ್ಸ್‌ಟಿ ಕಡತದಂತೆ ಕಂಡು, ಕೊನೆಯಲ್ಲಿದ್ದ, ಪ್ರೋಗ್ರಾಮ್ ಎಂದು ಸೂಚಿಸುವ ‘ವಿಬಿಎಸ್’ ಅನ್ನು ಹೀಗೆಯೇ ಅಡಗಿಸಿಕೊಂಡಿತ್ತು. ಇಷ್ಟು ಹಳೆಯ ಉಪಾಯ ಇಂದಿಗೂ ನಡೆಯುತ್ತಿರುವುದು ಸೋಜಿಗವೇ ಸರಿ. ದಾಖಲೆಯೆಂದು ಬಂದ ಕಡತದ ಕೊನೆಯಲ್ಲಿ ಇಎಕ್ಸ್‌ಇ, ಎಸ್‌ಸಿಆರ್, ಜೆಎಸ್, ವಿಬಿಎಸ್ ಅಥವಾ ಬಿಎಟಿ ಕಂಡರೆ ಅದು ದಾಖಲೆಯಲ್ಲ, ಪ್ರೋಗ್ರಾಮ್; ತೆರೆಯದೆ ಅಳಿಸಿಬಿಡಿ. ಆದರೆ ಬೇರೆ ಪ್ರೋಗ್ರಾಮನ್ನು ಓಡಿಸಬಲ್ಲ ಶಾರ್ಟ್‌ಕಟ್ ಕಡತಗಳ ‘ಎಲ್ಎನ್‌ಕೆ’ ಈ ಆಯ್ಕೆಯ ನಂತರವೂ ಕಾಣುವುದಿಲ್ಲವಾದ್ದರಿಂದ, ಅಂಥವನ್ನು ಐಕಾನಿನ ಮೂಲೆಯ ಪುಟ್ಟ ಬಾಣದ ಗುರುತಿನಿಂದಲೋ ‘ಟೈಪ್’ ಕಾಲಮ್ಮಿನಿಂದಲೋ ಪತ್ತೆಹಚ್ಚಬೇಕು. ನಿಜವಾದ ವರ್ಡ್ ಅಥವಾ ಎಕ್ಸೆಲ್ ಕಡತದೊಳಗೇ ಮ್ಯಾಕ್ರೋ (ಕಡತದೊಳಗೇ ಅಡಕವಾದ ಆದೇಶಗಳ ಸರಣಿ) ರೂಪದಲ್ಲಿ ಕುತಂತ್ರಾಂಶ ಕುಳಿತಿದ್ದರೆ ಹೆಸರು ನೋಡಿ ಪ್ರಯೋಜನವಿಲ್ಲ; ಅಲ್ಲಿ ‘ಎನೇಬಲ್ ಕಂಟೆಂಟ್’ ಗುಂಡಿಯನ್ನು ಒತ್ತದಿರುವುದೇ ರಕ್ಷಣೆ.