ಮುಂದಿನ ವರ್ಷದ ಮದುವೆಗೆ ಈಗಲೇ ದರ ಹೇಳುವುದು ಹೇಗೆ?

ಮಂಗಳೂರು, ಉಡುಪಿ ಕಡೆ ಡಿಸೆಂಬರ್ ಕೊನೆಯ ವಾರದ ಮದುವೆಗೆ ಹಿಂದಿನ ವರ್ಷದ ಆಗಸ್ಟ್‌ನಲ್ಲೇ ಹಾಲ್ ಗೊತ್ತು ಮಾಡುವುದು ಮಾಮೂಲು. ಗಲ್ಫ್‌ನಲ್ಲಿರುವ ಮಗನ ರಜೆ, ಹಾಲ್ ಖಾಲಿ ಇರುವ ದಿನ, ಚರ್ಚಿನ ಸಮಯ, ಈ ಮೂರೂ ಹೊಂದಿದ ಕೂಡಲೇ ಮನೆಯವರು ಬ್ಯಾಂಡ್‌ನವರಿಗೆ ಫೋನ್ ಮಾಡುತ್ತಾರೆ. ತಂಡದವರು ಇವತ್ತಿನ ದರವನ್ನು ಹೇಳಿಬಿಡುತ್ತಾರೆ. ಹದಿನಾರು ತಿಂಗಳ ನಂತರ ಕಾರ್ಯಕ್ರಮವೇನೋ ಚೆನ್ನಾಗಿಯೇ ಆಗುತ್ತದೆ. ಆದರೆ ಖರ್ಚು ಕಳೆದರೆ ತಂಡ ನಡೆಸಿದವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ, ಡ್ರಮ್ಸ್ ನುಡಿಸಿದ ಹುಡುಗನಿಗೆ ಹೇಳಿದ್ದಕ್ಕಿಂತ ಕಡಿಮೆ ಸಿಗುತ್ತದೆ. ಎಷ್ಟೋ ಒಳ್ಳೆಯ ತಂಡಗಳು ಹೀಗೆಯೇ ಚದುರಿದ್ದನ್ನು ನೋಡಿದ್ದೇನೆ. ಆರ್ಕೆಸ್ಟ್ರಾ ಇರಲಿ, ಸ್ಯಾಕ್ಸೋಫೋನ್ ತಂಡ, ಚೆಂಡೆ ಬಳಗ, ಡಿ.ಜೆ., ನಿರೂಪಣೆ ಇರಲಿ, ದರ ಕಟ್ಟುವ ಕ್ರಮ ಒಂದೇ.

ಹಂತ 1: ಫೋನಿನಲ್ಲಿ ಮೊತ್ತ ಹೇಳಬೇಡಿ

ದಿನ, ಊರು, ಸಮಾರಂಭ ಮೆಹಂದಿಯೋ ರೋಸೋ (ಕ್ರೈಸ್ತರ ಮದುವೆಗೆ ಮುಂಚಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಆರತಕ್ಷತೆಯೋ, ಹಾಲಿನೊಳಗೋ ಮನೆಯ ಅಂಗಳದಲ್ಲೋ, ಸೌಂಡ್ ಯಾರದ್ದು ಎಂಬುದನ್ನು ಕೇಳಿ ಬರೆದುಕೊಳ್ಳಿ. ನಾಳೆ ಸಂಜೆಯೊಳಗೆ ಬರೆದು ಕಳುಹಿಸುತ್ತೇನೆ ಎಂದು ಹೇಳಿ ಫೋನ್ ಇಡಿ.

ಹಂತ 2: ಪಂಚಾಂಗ ತೆರೆಯಿರಿ

ಒಂದೇ ತಂಡದ ಬೆಲೆ ಎಲ್ಲ ದಿನವೂ ಒಂದೇ ಆಗಿರುವುದಿಲ್ಲ. ಧನುರ್ಮಾಸದಲ್ಲಿ ಹಿಂದೂ ಮದುವೆಗಳಿಲ್ಲ. ಕ್ರೈಸ್ತರಲ್ಲಿ ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲ ಮುಗಿದು ಹಬ್ಬ ಕಳೆದ ಕೂಡಲೇ ಮದುವೆಗಳು ಒತ್ತೊತ್ತಾಗಿ ಬರುತ್ತವೆ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾದರೆ ನಿಲ್ಲುತ್ತವೆ. 2027ರಲ್ಲಿ ತಪಸ್ಸುಕಾಲ ಫೆಬ್ರವರಿ 10ಕ್ಕೇ ಆರಂಭ, ಹಾಗಾಗಿ ಆ ವರ್ಷ ಜನವರಿಯ ಶನಿವಾರ, ಭಾನುವಾರಗಳಿಗೆ ಬೇಡಿಕೆ ಹೆಚ್ಚು. ಚಾಂದ್ರಮಾನ ನೋಡುವ ಮನೆಗಳಿಗೆ ಅಧಿಕ ಮಾಸದಲ್ಲಿ ಮುಹೂರ್ತವಿಲ್ಲ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಇರುವುದರಿಂದ ಏಪ್ರಿಲ್ ಮತ್ತು ಮೇ ಮೊದಲಾರ್ಧಕ್ಕೆ ಒತ್ತಡ ಹೆಚ್ಚು.

ಮದುವೆಗಳನ್ನಷ್ಟೇ ಲೆಕ್ಕ ಹಾಕಿದರೆ ಸಾಲದು. ಜನವರಿಯಿಂದ ಮೇವರೆಗೆ ದೇವಸ್ಥಾನಗಳ ಬ್ರಹ್ಮಕಲಶ, ದೈವಗಳ ನೇಮಗಳೂ ಅದೇ ಸೌಂಡ್‌ನವರನ್ನು ಕರೆಯುತ್ತವೆ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. 2028ರ ಆ ವಾರಕ್ಕೆ ಯಾರಾದರೂ ಕೇಳಿದರೆ ಸೌಂಡ್‌ನವರ ಮಾತು ಪಡೆಯದೆ ಒಪ್ಪಬೇಡಿ. ಇಂಥ ದಿನಗಳಿಗೆ ನಿಮ್ಮ ಪಾಲನ್ನು ಹೆಚ್ಚಿಸಿಕೊಳ್ಳಿ. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ, ಒಬ್ಬರಿಗೆ ಒಪ್ಪಿದ ದಿನ ಇನ್ನೊಬ್ಬರನ್ನು ವಾಪಸು ಕಳುಹಿಸುತ್ತೀರಿ. ವಾರದ ನಡುವಿನ ದಿನಗಳಿಗೆ ರಿಯಾಯಿತಿ ಕೊಡಿ, ಭಾನುವಾರಕ್ಕೆ ಬೇಡ.

ಹಂತ 3: ಆ ದಿನದ ಖರ್ಚನ್ನು ಇಂದು ಕಟ್ಟುವುದು

ಹೆಚ್ಚಿನವರು ಎಡವುವುದು ಇಲ್ಲಿ. ಇವತ್ತಿನ ದರಕ್ಕೆ ಹತ್ತು ಶೇಕಡಾ ಸೇರಿಸಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಖರ್ಚುಗಳೆಲ್ಲ ಒಂದೇ ವೇಗದಲ್ಲಿ ಏರುವುದಿಲ್ಲ. ಆದ್ದರಿಂದ ಮೊದಲು ಒಟ್ಟು ಮೊತ್ತವನ್ನು ಒಡೆಯಿರಿ.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಮಂಗಳೂರಿನ ತಂಡ, ಕುಂದಾಪುರದಲ್ಲಿ ಆರತಕ್ಷತೆ, ಹದಿನಾರು ತಿಂಗಳ ನಂತರ. ಇವತ್ತಿನ ಲೆಕ್ಕದಲ್ಲಿ ಕಲಾವಿದರ ಸಂಭಾವನೆ 36,000, ಸೌಂಡ್ ಮತ್ತು ಲೈಟಿನ ಬಾಡಿಗೆ 18,000, ವಾಹನ, ಟೋಲ್, ಊಟಕ್ಕೆ 6,000. ಒಟ್ಟು ಖರ್ಚು 60,000. ತಂಡ ನಡೆಸುವವರ ಪಾಲು ಖರ್ಚಿನ ಕಾಲು ಭಾಗ, ಅಂದರೆ 15,000. ಇವತ್ತಿನ ದರ 75,000 ರೂಪಾಯಿ.

ಈಗ ಒಂದೊಂದನ್ನೇ ಮುಂದಕ್ಕೆ ಒಯ್ಯಿರಿ. ಎಲ್ಲಕ್ಕಿಂತ ಬೇಗ ಏರುವುದು ಸಂಭಾವನೆ. ಒಳ್ಳೆಯ ಕೀಬೋರ್ಡ್ ವಾದಕರು, ಗಾಯಕಿಯರು ಸೀಸನ್ ಶುರುವಾಗುವ ಮೊದಲು ದರ ಏರಿಸುತ್ತಾರೆ, ಏರಿಸಲೇಬೇಕು, ಅದು ಅವರ ಜೀವನ. ಅದಕ್ಕೆ 15 ಶೇಕಡಾ ಇಡಿ, 41,400 ಆಯಿತು. ಸೌಂಡ್ ಬಾಡಿಗೆ ಪೈಪೋಟಿಯಿಂದಾಗಿ ನಿಧಾನ, 8 ಶೇಕಡಾ ಸಾಕು, 19,440. ವಾಹನಕ್ಕೆ 10 ಶೇಕಡಾ, 6,600. ಹೆಜಮಾಡಿ ಮತ್ತು ಸಾಸ್ತಾನದ ಟೋಲ್ ದರ ಸಾಮಾನ್ಯವಾಗಿ ಪ್ರತಿ ಏಪ್ರಿಲ್ 1ಕ್ಕೆ ಪರಿಷ್ಕರಣೆಯಾಗುತ್ತದೆ, ನಿಮ್ಮ ಬುಕಿಂಗ್ ಎಷ್ಟು ಏಪ್ರಿಲ್‌ಗಳನ್ನು ದಾಟುತ್ತದೆ ಎಂದು ಎಣಿಸಿ. ಡೀಸೆಲ್ ಇನ್ನೂ ಅನಿಶ್ಚಿತ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಏರಿಸಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಏರಿಸಿತು. 2024ರ ಮೇ ತಿಂಗಳಲ್ಲಿ ಕುಳಿತು ಮುಂದಿನ ಮೇ ತಿಂಗಳಿಗೆ ದರ ಹೇಳಿದವರಿಗೆ ಎರಡು ಏಟೂ ಬಿದ್ದಿವೆ.

ಒಟ್ಟು ಖರ್ಚು ಈಗ 67,440. ಇವತ್ತಿನ ದರ 75,000ಕ್ಕೇ ಒಪ್ಪಿಕೊಂಡಿದ್ದರೆ 15,000 ಇರಬೇಕಾದ ಪಾಲು 7,560ಕ್ಕೆ ಇಳಿಯುತ್ತದೆ. ಗಾಯಕಿ ಅಷ್ಟರಲ್ಲಿ ಮದುವೆಯಾಗಿ ದುಬೈಗೆ ಹೋಗಿದ್ದಾರೆ, ಕೊನೆ ಗಳಿಗೆಯಲ್ಲಿ ಬದಲಿಯವರಿಗೆ 3,000 ಹೆಚ್ಚು ಕೊಟ್ಟಿದ್ದೀರಿ ಎಂದುಕೊಳ್ಳಿ, ಆಗ ಉಳಿಯುವುದು 4,560. ಅದಕ್ಕೂ ಮೊದಲು ಚೌಕಾಸಿಯಲ್ಲಿ 5,000 ಬಿಟ್ಟಿದ್ದರೆ 440 ರೂಪಾಯಿ ನಿಮ್ಮ ಜೇಬಿನಿಂದಲೇ ಹೋಯಿತು.

ಹಾಗಾಗಿ 67,440ರ ಮೇಲೆ ಕಾಲು ಭಾಗ 16,860, ಬದಲಿ ಕಲಾವಿದರ ಮೀಸಲು 3,000 ಸೇರಿಸಿ. 87,300 ಬರುತ್ತದೆ. ನಾನಾದರೆ 88,000 ಬರೆಯುತ್ತೇನೆ. ಆ ಮೀಸಲನ್ನು ಯಾರು ಕೇಳಿದರೂ ಬಿಡಬೇಡಿ. ದೂರದ ಬುಕಿಂಗ್‌ನಲ್ಲಿ ಜನ ಬದಲಾಗುವುದು ಅಪರೂಪವಲ್ಲ.

ಇದಕ್ಕೆಂದೇ ಮೊಬೈಲ್‌ನಲ್ಲಿ ಸಿಗುವ ಕೊಟೇಶನ್ ಆ್ಯಪ್‌ಗಳನ್ನು ನಂಬಬೇಡಿ. ನಾನು ನೋಡಿದವೆಲ್ಲ ಒಂದೇ ಶೇಕಡಾವಾರು ಕೇಳುತ್ತವೆ. ಹಾಲಿನ ಸೌಂಡಿನಲ್ಲೇ ನುಡಿಸುವ ಸ್ಯಾಕ್ಸೋಫೋನ್ ತಂಡಕ್ಕೆ ಖರ್ಚಿನ ಬಹುಪಾಲು ಸಂಭಾವನೆಯೇ, ಅದಕ್ಕೆ ಹತ್ತು ಶೇಕಡಾ ಸಾಲದು. ಸ್ವಂತ ಸಿಸ್ಟಂ ಇರುವ ಡಿ.ಜೆ.ಗೆ ಅಷ್ಟು ಬೇಕಾಗಿಲ್ಲ, ಸೇರಿಸಿದರೆ ಬುಕಿಂಗ್ ತಪ್ಪುತ್ತದೆ. ಒಂದು ನೋಟ್‌ಬುಕ್ಕಿನ ಹಾಳೆ ಸಾಕು. ಆರ್ಟ್ ಪೇಪರಿನಲ್ಲಿ ದರಪಟ್ಟಿ ಮುದ್ರಿಸುವುದೂ ಬೇಡ. ಅದರ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ವರ್ಷಗಟ್ಟಲೆ ಓಡಾಡುತ್ತದೆ, ಹಳೆಯ ದರ ಹಿಡಿದುಕೊಂಡು ಜನ ಬರುತ್ತಾರೆ.

‘ಬೆಲೆ ಏರಿದರೆ ಹೆಚ್ಚುವರಿ ಕೊಡಬೇಕು’ ಎಂಬ ಷರತ್ತು ಹಾಕುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮದುವೆಯ ವಾರದಲ್ಲಿ ಹೆಣ್ಣಿನ ತಂದೆಯ ಬಳಿ ಡೀಸೆಲ್ ಲೆಕ್ಕ ತೆಗೆಯಬಾರದು. ಹದಿನೆಂಟು ತಿಂಗಳೊಳಗಿನ ಕಾರ್ಯಕ್ರಮಕ್ಕೆ ಹೇಳಿದ ಮೊತ್ತವೇ ಕೊನೆಯ ಮೊತ್ತ. ಅದಕ್ಕಿಂತ ದೂರದ್ದಾದರೆ ದಿನವನ್ನು ಮಾತ್ರ ಕಾದಿರಿಸಿ, ದರವನ್ನು ಒಂದು ವರ್ಷ ಮೊದಲು ನಿಗದಿ ಮಾಡುತ್ತೇವೆ, ಇಂದಿನ ದರಕ್ಕಿಂತ ಇಷ್ಟು ಶೇಕಡಾ ಮೀರುವುದಿಲ್ಲ ಎಂದು ಬರೆದುಕೊಡಿ. ಕಟೀಲು ಯಕ್ಷಗಾನ ಮೇಳದ ಹರಕೆ ಆಟಕ್ಕೆ ವರ್ಷಗಟ್ಟಲೆ ಮೊದಲೇ ಹೆಸರು ಬರೆಸುವ ಜನರಿಗೆ ಇದು ಅರ್ಥವಾಗುತ್ತದೆ.

‘ಮುಂದಿನ ವರ್ಷದ್ದಲ್ಲವಾ ಮಾರಾಯರೇ, ಈಗಲೇ ಹೇಳಿದ್ದಕ್ಕೆ ಕಡಿಮೆ ಮಾಡಿ’ ಎನ್ನುವವರಿಗೆ ಮೊತ್ತ ಇಳಿಸುವ ಬದಲು ಬೇರೇನಾದರೂ ಕೊಡಿ. ಆರತಿಗೆ ಒಂದು ಹಾಡು, ಇಲ್ಲವೇ ಊಟದ ಹೊತ್ತಿಗೆ ಅರ್ಧ ಗಂಟೆ ವಾದ್ಯಸಂಗೀತ.

ಹಂತ 4: ತೆರಿಗೆ

ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸೇವೆಗೆ ಪಡೆದ ಮುಂಗಡದ ಮೇಲೂ ತೆರಿಗೆ ಬರುತ್ತದೆ, ಕಾರ್ಯಕ್ರಮದ ದಿನದವರೆಗೆ ಕಾಯುವಂತಿಲ್ಲ. ಜಾನಪದ ಅಥವಾ ಶಾಸ್ತ್ರೀಯ ಪ್ರಕಾರದ ಸಂಗೀತ, ನೃತ್ಯ, ನಾಟಕ ನೀಡುವ ಕಲಾವಿದರಿಗೆ ಒಂದು ಕಾರ್ಯಕ್ರಮದ ಸಂಭಾವನೆ ಒಂದೂವರೆ ಲಕ್ಷದೊಳಗಿದ್ದರೆ ವಿನಾಯಿತಿ ಇದೆ. ಸ್ಯಾಕ್ಸೋಫೋನ್ ವಾದಕ ಕದ್ರಿ ಗೋಪಾಲನಾಥ್ ತೋರಿಸಿದ ದಾರಿಯಲ್ಲಿ ಶಾಸ್ತ್ರೀಯ ಕಛೇರಿ ಕೊಡುವವರು ಇದನ್ನು ತಿಳಿದಿರಬೇಕು. ಸಿನಿಮಾ ಹಾಡಿನ ಆರ್ಕೆಸ್ಟ್ರಾಕ್ಕೆ ಇದು ಅನ್ವಯಿಸುವುದಿಲ್ಲ. ನೋಂದಾಯಿತರು ‘ತೆರಿಗೆ ಪ್ರತ್ಯೇಕ’ ಎಂದು ಬರೆಯಲೇಬೇಕು.

ಹಂತ 5: ಮುಂಗಡ

ಸಾವಿರದೊಂದು ರೂಪಾಯಿ ಕೊಟ್ಟು ದಿನ ಹಿಡಿಯುವ ಪದ್ಧತಿಗೆ ನಾನು ಕಡು ವಿರೋಧಿ. ಬುಕಿಂಗ್ ಹೊತ್ತಿಗೆ 30 ಶೇಕಡಾ, ಒಂದು ತಿಂಗಳು ಮೊದಲು 40, ಉಳಿದದ್ದು ಮೊದಲ ಹಾಡಿಗೂ ಮೊದಲು. ಕಾರ್ಯಕ್ರಮ ಮುಗಿದ ಮೇಲೆ ಎಂದು ಬಿಟ್ಟರೆ, ನೀವು ಕೇಬಲ್ ಸುತ್ತಿ ಮುಗಿಸುವಷ್ಟರಲ್ಲಿ ಹಣದ ಚೀಲ ಹಿಡಿದಿದ್ದ ಮಾವ ಮನೆಗೆ ಹೋಗಿರುತ್ತಾರೆ. ಮದುಮಕ್ಕಳ ಬಳಿ ಕೇಳುವ ಹಾಗಿಲ್ಲ.

ಮದುವೆ ಮುಂದೆ ಹೋಗುವುದುಂಟು. ಮನೆಯಲ್ಲಿ ಸಾವಾದರೆ ಸೂತಕ. 2020ರ ಏಪ್ರಿಲ್, ಮೇ ತಿಂಗಳಲ್ಲಿ ಲಾಕ್‌ಡೌನ್‌ನಿಂದ ಮದುವೆಗಳೆಲ್ಲ ಅಸ್ತವ್ಯಸ್ತವಾದವು. ಒಂದು ಸಲ ದಿನ ಬದಲಿಸಲು ಹಣ ಕೇಳಬೇಡಿ, ಹೊಸ ದಿನ ಆರು ತಿಂಗಳೊಳಗಿದ್ದರೆ ದರವೂ ಅದೇ ಇರಲಿ. ಪೂರ್ತಿ ರದ್ದಾದರೆ ಎಷ್ಟು ಹಿಡಿದುಕೊಳ್ಳುತ್ತೀರಿ ಎಂಬುದನ್ನು ಮೊದಲೇ ಬರೆಯಿರಿ, ಮತ್ತು ಅದು ನ್ಯಾಯವಾಗಿರಲಿ. 1872ರ ಭಾರತೀಯ ಕರಾರು ಕಾಯಿದೆಯ 74ನೇ ಕಲಂ ಪ್ರಕಾರ, ಬರೆದ ಮೊತ್ತದ ಮಿತಿಯೊಳಗೆ ಸಮಂಜಸ ಪರಿಹಾರವಷ್ಟೇ ಸಿಗುತ್ತದೆ.

ಹಂತ 6: ಬರೆದು ಕಳುಹಿಸಿ

ವಾಟ್ಸ್‌ಆ್ಯಪ್ ಸಂದೇಶವಾದರೂ ಸಾಕು: ದಿನ, ಸ್ಥಳ, ಆರಂಭ ಮತ್ತು ಮುಕ್ತಾಯದ ಸಮಯ, ಕಲಾವಿದರ ಸಂಖ್ಯೆ, ಮೊತ್ತ, ಕಂತುಗಳು, ರದ್ದತಿ. ವ್ಯಕ್ತಿಗಳ ಹೆಸರು ಹಾಕಬೇಡಿ, ‘ಒಬ್ಬರು ಗಾಯಕಿ’ ಎಂದಷ್ಟೇ ಬರೆಯಿರಿ. ಹೆಚ್ಚುವರಿ ಅರ್ಧ ಗಂಟೆಯ ದರವನ್ನೂ ಸೇರಿಸಿ. ಆದರೆ ಅಂಗಳದ ಮೆಹಂದಿಗೆ ರಾತ್ರಿ ಹತ್ತರ ನಂತರದ ದರ ಎಂಬುದೇ ಇರಬಾರದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ, ಪೊಲೀಸರು ಬಂದರೆ ಸಿಸ್ಟಂ ಹೋಗುವುದು ನಿಮ್ಮದು.

ಆ ಕಡೆಯಿಂದ ಒಪ್ಪಿಗೆ ಬಂದು ಹಣ ಜಮೆಯಾದ ದಿನವೇ ಕಲಾವಿದರಿಗೂ ಸೌಂಡ್‌ನವರಿಗೂ ದಿನಾಂಕ ತಿಳಿಸಿ, ಮುಂಗಡದಲ್ಲಿ ಅವರ ಪಾಲನ್ನು ಕಳುಹಿಸಿಬಿಡಿ. ಹಣ ಪಡೆದವರು ಆ ದಿನ ಬೇರೆಡೆ ಒಪ್ಪಿಕೊಳ್ಳುವುದಿಲ್ಲ, ಬರಲಾಗದಿದ್ದರೆ ಮೊದಲೇ ತಿಳಿಸುತ್ತಾರೆ, ಬದಲಿ ಹುಡುಕಲು ನಿಮಗೆ ತಿಂಗಳುಗಳು ಸಿಗುತ್ತವೆ.